ಗೇಟಿನ ಎರಡೂ ಕಡೆ ನಿಂತ ಶಾಸಕರಿಗೆ

ಕ್ಷೇತ್ರದ ಕಣ್ಮಣಿಗಳೂ, ಗಂಡಿನವರ ಕಡೆಗೂ ಹೆಣ್ಣಿನವರ ಕಡೆಗೂ ಏಕಕಾಲಕ್ಕೆ ಹಿರಿಯರೂ ಆದ ಮಾನ್ಯ ಶಾಸಕರ ಸನ್ನಿಧಾನಕ್ಕೆ, ಹೂಡಿಯ ಹೊಂಬೆಳಕು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಿಂದ ನಿವೃತ್ತ ಶಿಕ್ಷಕಿ ಕಮಲಮ್ಮ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ, ದಾವಣಗೆರೆಯಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿದ ನಾನು ಒಂದು ಪ್ರಶ್ನೆಗೆ ಒಂದೇ ಉತ್ತರವೆಂಬ ಮೂಢನಂಬಿಕೆಯಲ್ಲೇ ಆಯುಷ್ಯ ಕಳೆದಿದ್ದೆ. ಅದನ್ನು ಬಿಡಿಸಿದ ಗುರುಗಳು ತಾವು.

ವಿಷಯ ಚಿಕ್ಕದು. ನಮ್ಮ ಹಿಂದಿನ ಕಾಂಪೌಂಡಿನ ಗೇಟಿನಾಚೆ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಶೀಟಿನ ರೂಮುಗಳಿವೆ. ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುವ ಹೊಳೆವ್ವ ಅಲ್ಲಿಯವಳು. ಅವಳ ಮಗಳು ದಾನೇಶ್ವರಿ ನಾಲ್ಕನೇ ಕ್ಲಾಸು, ಶಾಲೆ ನಮ್ಮ ಮುಂದಿನ ಬೀದಿಯಲ್ಲಿ. ಗೇಟು ತೆರೆದಿದ್ದರೆ ಐದು ನಿಮಿಷದ ದಾರಿ. ಮೂರು ತಿಂಗಳ ಹಿಂದೆ ನಮ್ಮ ಅಪಾರ್ಟ್‌ಮೆಂಟಿನವರು ಭದ್ರತೆಯೆಂದು ಬೀಗ ಹಾಕಿದ ಮೇಲೆ, ಆ ಮಗು ಫುಟ್‌ಪಾತೇ ಇಲ್ಲದ ಮುಖ್ಯರಸ್ತೆಯಲ್ಲಿ ನೀರಿನ ಟ್ಯಾಂಕರುಗಳ ಚಕ್ರದ ಪಕ್ಕದಲ್ಲೇ ಎರಡು ಕಿಲೋಮೀಟರ್ ಸುತ್ತಿ ಬರುತ್ತದೆ. ಅವಳು ಶಾಲೆ ಮುಟ್ಟಿದಳೆಂದು ತಿಳಿಯುವವರೆಗೆ ನನಗೆ ಜೀವದಲ್ಲಿ ಜೀವವಿರುವುದಿಲ್ಲ.

ಅದು ಹಳೆಯ ಸರ್ಕಾರಿ ದಾರಿಯಾದ್ದರಿಂದ ತೀರ್ಮಾನ ತಮ್ಮದೆಂದು ಎರಡೂ ಕಡೆಯವರು ಒಪ್ಪಿ ಕರೆದೆವು. ತಾವು ಬಂದು, ನಮ್ಮ ಕ್ಲಬ್‌ಹೌಸಿನಲ್ಲಿ ಬಾದಾಮಿ ಹಾಲು ಕುಡಿದು, ಭದ್ರತೆಗಿಂತ ದೊಡ್ಡದು ಯಾವುದಿದೆ ಎಂದಿರಿ. ಕಾರಿನಲ್ಲಿ ಅದೇ ಎರಡು ಕಿಲೋಮೀಟರ್ ಸುತ್ತಿ ಹೋಗಿ, ರೂಮಿನವರ ಚಹಾ ಕುಡಿದು, ಮಕ್ಕಳ ದಾರಿಗೆ ಅಡ್ಡ ಬರುವವರು ಮನುಷ್ಯರೇ ಅಲ್ಲ ಎಂದಿರಿ. ಕೊನೆಗೆ ಆಚೀಚೆಯವರೆಲ್ಲ ಗೇಟಿನ ಸರಳು ಹಿಡಿದು ಒಟ್ಟಿಗೇ ಕೇಳಿದಾಗ, ಗೇಟಿನ ಬಣ್ಣ ಬಹಳ ಚೆನ್ನಾಗಿದೆಯೆಂದು ಹೊಗಳಿ, ಅದರ ಮುಂದೊಂದು ಫೋಟೋ ತೆಗೆಸಿಕೊಂಡು ಹೊರಟೇಬಿಟ್ಟಿರಿ. ನಾನು ಚಪ್ಪಾಳೆ ತಟ್ಟಿದೆ ಸ್ವಾಮಿ, ಕೈ ಕೆಂಪಾಗುವಷ್ಟು ತಟ್ಟಿದೆ.

ಇಂಥ ಪ್ರತಿಭೆ ಒಂದು ಗೇಟಿಗೆ ಸೀಮಿತವಾಗಬಾರದು. ಫ್ಯಾನು ಮೂರಕ್ಕಿಡಬೇಕೋ ಐದಕ್ಕಿಡಬೇಕೋ ಎಂದು ನಾನೂ ನಮ್ಮ ಯಜಮಾನರು ಪಂಚಾಕ್ಷರಿಯವರೂ ನಲವತ್ತು ವರ್ಷದಿಂದ ಜಗಳವಾಡುತ್ತಿದ್ದೇವೆ. ತಾವೊಮ್ಮೆ ಬಂದರೆ ಇಬ್ಬರೂ ಗೆದ್ದು, ಇಬ್ಬರೂ ಬೆವರುತ್ತಾ ನೆಮ್ಮದಿಯಾಗಿ ಮಲಗುತ್ತೇವೆ. ಸಾಧ್ಯವಾದರೆ ಗೇಟನ್ನೇ ಕಿತ್ತು ಆ ಜಾಗದಲ್ಲಿ ತಾವೇ ನಿಲ್ಲಬೇಕೆಂದು ಪ್ರಾರ್ಥನೆ. ಒಳಗಿನವರಿಗೆ ಮುಚ್ಚಿದಂತೆ, ಹೊರಗಿನವರಿಗೆ ತೆರೆದಂತೆ ಕಾಣುವ ವಿದ್ಯೆ ಕಬ್ಬಿಣಕ್ಕಿನ್ನೂ ಬಂದಿಲ್ಲ.

ಇಷ್ಟಾದರೂ ತಾವೇಕೆ ಹೀಗೆಂದು ನನಗೆ ತಿಳಿಯಲಿಲ್ಲ. ಹೊಳೆವ್ವ ರೊಟ್ಟಿ ಬಡಿಯುತ್ತಲೇ ತಿಳಿಸಿದಳು: "ನಮ್ಮ ಓಟು ಊರಾಗ ಅದಾವ್ರಿ ಅಕ್ಕಾರ. ನಿಮ್ಮವರು ಓಟಿನ ದಿನ ಟೂರಿಗೆ ಹೋಗ್ತಾರ. ಸಾಹೇಬ್ರು ಯಾರ ಸಲುವಾಗಿ ಬಾಯಿ ಬಿಡಬೇಕು?"

ನಾಚಿಕೆಯಾಯಿತು. ಕಳೆದ ಸಲ ಮತದಾನದ ದಿನ ನಾನು ಮೈಸೂರಿನಲ್ಲಿ ಜಿರಾಫೆ ನೋಡುತ್ತಿದ್ದೆ.

ತಮ್ಮ ಎರಡೂ ಮಾತುಗಳನ್ನು ಸಮನಾಗಿ ನಂಬಿರುವ,
ತಮ್ಮ ವಿಶ್ವಾಸಿ,
ಕಮಲಮ್ಮ

ವಿ.ಸೂ.: ರೂಮುಗಳ ಇನ್ನೂರ ಹದಿನಾಲ್ಕು ಜನರ ಓಟನ್ನು ಊರಿನಿಂದ ಇಲ್ಲಿನ ರೂಮುಗಳ ವಿಳಾಸಕ್ಕೆ ಬದಲಾಯಿಸುವ ಅರ್ಜಿಗಳನ್ನು ನನ್ನ ಊಟದ ಮೇಜಿನ ಮೇಲೆ ತುಂಬಿ, ಹೋದ ಸೋಮವಾರ ಚುನಾವಣಾ ಕಚೇರಿಗೆ ಕೊಟ್ಟು ಬಂದೆವು. ಬುಧವಾರವೇ ತಮ್ಮ ಕಡೆಯವರಿಬ್ಬರು ರೂಮುಗಳಿಗೆ ಬಂದು ಹೊಳೆವ್ವಳನ್ನು 'ಮೇಡಂ' ಎಂದು ಕರೆದರಂತೆ. ಯಾರನ್ನು ಕರೆದರೋ ಎಂದು ಅವಳು ಹಿಂದೆ ತಿರುಗಿ ನೋಡಿದಳಂತೆ. ಶಾಸಕರು ಮೊದಲಿನಿಂದಲೂ ರೂಮಿನವರ ಪರವೇ ಎಂದು ಅವರು ಹೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ತಮಗೆ ಮುಟ್ಟಿಸುವುದು ನನ್ನ ಕರ್ತವ್ಯ: "ಮೊದಲ ಬೀಗ ತಗೀರಿ. ಆಮ್ಯಾಲ ಚಾ ಕುಡೀರಿ."