ಗೋಡೆ ಹತ್ತಿದ ನೆಲ

ಒಂದು ವಸ್ತು ಯಾತಕ್ಕೆ ಹುಟ್ಟಿದೆ ಎಂಬುದನ್ನು ಅದನ್ನು ಮಾಡಿದವರು ಹೇಳಬಹುದು. ಅದು ಎಲ್ಲಿ ಬಾಳಬೇಕು ಎಂಬುದನ್ನು ಹೇಳುವವರು ಮನೆಯವರೇ. ಬೆಟಗೇರಿಯ ನಮ್ಮ ಮನೆಯಲ್ಲಿ ಬೀಸುಕಲ್ಲಿನ ಮೇಲಿನ ಅರ್ಧ ಹಿತ್ತಲ ಬಾಗಿಲಿಗೆ ಮೆಟ್ಟಿಲಾಗಿದೆ, ಹಳೆಯ ಸೀರೆಗಳೆಲ್ಲ ಹೊದೆಯುವ ಕೌದಿಯಾಗಿವೆ, ನಮ್ಮ ಯಜಮಾನರು ಹೊಟ್ಟೆ ಕರಗಿಸಲೆಂದು ತಂದ ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಟವೆಲ್ಲುಗಳು ಒಣಗುತ್ತವೆ. ಹೀಗಿರುವಾಗ ನೆಲಕ್ಕೆಂದು ತಂದ ಕಟ್ಟಿಗೆಯ ಹಲಗೆಗಳನ್ನು ನಾನು ಗೋಡೆಗೆ ಹಚ್ಚಿಸಿದ್ದು ಓಣಿಗೆಲ್ಲ ಸುದ್ದಿಯಾಗಬೇಕಾಗಿರಲಿಲ್ಲ. ನಾನು ಮುಂಡರಗಿಯ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಬಣ್ಣ, ಬೆಳಕು, ಜಾಗ, ಈ ಮೂರರ ವಿಷಯದಲ್ಲಿ ನನ್ನ ಮಾತೇ ಕೊನೆಯದೆಂದು ದೃಢವಾಗಿ ನಂಬಿದ್ದೇನೆ. ಉಳಿದವರೂ ನಂಬಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಆ ಹಲಗೆಗಳನ್ನು ನಾನು ನೋಡಿದ್ದು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ. ಚಪ್ಪಲಿ ಬಿಟ್ಟು ಮಾದರಿಯ ಮೇಲೆ ನಾಲ್ಕು ಹೆಜ್ಜೆ ನಡೆದೆ. ಕಾಲು ಅಲ್ಲಿಂದ ಬರಲು ಒಪ್ಪಲಿಲ್ಲ. ನಮ್ಮ ಪಡಸಾಲೆಯ ಕರಿ ಫರಸಿಕಲ್ಲಿನ ನೆಲದ ಮೇಲೆ ಇದನ್ನು ಹಾಸಿದರೆ ಮನೆ ಅರಮನೆಯಾಗುತ್ತದೆಂದು ಅಲ್ಲೇ ತೀರ್ಮಾನಿಸಿ ಟೆಂಪೋದಲ್ಲಿ ತರಿಸಿಬಿಟ್ಟೆ. ಅತ್ತೆ ಹಲಗೆಯನ್ನು ತಿರುವಿ ತಿರುವಿ ನೋಡಿ, ಇದರ ಮೇಲೆ ನೀರು ಸುರುವಿ ತಿಕ್ಕಬಹುದೇ ಎಂದು ಕೇಳಿದರು. ನೀರು ಸುರುವುವಂತಿಲ್ಲ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಬೇಕು ಎಂದೆ.

"ಒದ್ದಿ ಅರಬೀಲೆ ಒರಸೂದಾದ್ರ ಇದು ನೆಲ ಅಲ್ಲ ಶೈಲಾ, ದೇವರ ಫೋಟೋ," ಎಂದರು ಅತ್ತೆ. ಯಜಮಾನರು ಪೇಪರಿನಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಓದತೊಡಗಿದರು. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಹಲಗೆಗಳು ಮಂಚದ ಕೆಳಗೆ ಸೇರಿದವು.

ಅಡರಕಟ್ಟಿಯಲ್ಲಿ ಹುಟ್ಟಿ ಬೆಳೆದ ನಮ್ಮ ಅತ್ತೆಗೆ ನೆಲವೆಂದರೆ ಬರೀ ನಡೆಯುವ ಜಾಗವಲ್ಲ. ಮಧ್ಯಾಹ್ನ ತಣ್ಣನೆಯ ಫರಸಿಯ ಮೇಲೆ ಅವರು ಕುಳಿತರೆಂದರೆ ಎದುರುಮನೆಯ ಗಂಗವ್ವನಿಂದ ಹಿಡಿದು ಓಣಿಯ ಹೆಂಗಸರೆಲ್ಲ ಬಂದು ಸುತ್ತ ಕೂರುತ್ತಿದ್ದರು. ಕಾಳು ಹಸನಾಗುತ್ತಿತ್ತು, ಬತ್ತಿ ಹೊಸೆದಾಗುತ್ತಿತ್ತು, ಊರ ಸುದ್ದಿಯೆಲ್ಲ ಮೊರಕ್ಕೆ ಬೀಳುತ್ತಿತ್ತು. ಆದರೆ ಕಳೆದ ಮಳೆಗಾಲದಲ್ಲಿ ಅವರ ಮೊಣಕಾಲು ಕೈಕೊಟ್ಟಿತು. ಕೆಳಗೆ ಕುಳಿತರೆ ಎಬ್ಬಿಸಲು ಇಬ್ಬರು ಬೇಕು. ಹಾಗೆಂದು ಅವರು ಯಾರಿಗೂ ಹೇಳಲಿಲ್ಲ. ನಿದ್ದೆ ಬರುತ್ತದೆ ಎಂದು ನೆಪ ಹೇಳಿ ಒಳಕೋಣೆಯ ಮಂಚ ಹಿಡಿದರು. ಹೆಂಗಸರು ಕೆಲವು ಸಲ ಬಂದು ಹಣಿಕಿ ನೋಡಿ, ಆಮೇಲೆ ಬರುವುದನ್ನೇ ಬಿಟ್ಟರು. ನಾನು ಮೆತ್ತೆ ಹಾಕಿ ಕುರ್ಚಿ ಕೊಟ್ಟರೆ, ಅದರ ಮೇಲೆ ಕುಳಿತರೆ ಡಾಕ್ಟರು ಇನ್ನೇನು ಹೆಸರು ಕೂಗುತ್ತಾರೆ ಅನ್ನಿಸುತ್ತದೆ ಎಂದರು. ಸರೀಕರನ್ನು ಕೆಳಗೆ ಕೂರಿಸಿ ತಾವೊಬ್ಬರೇ ಮೇಲೆ ಕೂರುವುದೂ ಅವರಿಗೆ ಬೇಡವಾಗಿತ್ತು.

ನಿಜ ಹೇಳಬೇಕೆಂದರೆ ಹಲಗೆಗಳನ್ನು ಹೊರತೆಗೆದಾಗ ನನ್ನ ತಲೆಯಲ್ಲಿ ಅತ್ತೆಯ ಮೊಣಕಾಲು ಇರಲಿಲ್ಲ, ನನ್ನ ಮರ್ಯಾದೆ ಇತ್ತು. ಲಕ್ಷ್ಮೇಶ್ವರದಿಂದ ಬಡಿಗ ಖಾಜಾಸಾಬರನ್ನು ಕರೆಸಿದೆ. ಅವರ ಬಾಯಲ್ಲಿ ಇಲ್ಲವೆಂಬ ಮಾತೇ ಇಲ್ಲ. ಪಡಸಾಲೆಯ ಗೋಡೆಗೆ ಹಚ್ಚಬಹುದೇ ಎಂದರೆ "ಆಗ್ತೈತ್ರಿ ಅಕ್ಕೋರ." ಮಂಚದ ತಲೆಬದಿಗೆ? ಆಗ್ತೈತ್ರಿ. ಅಡುಗೆಮನೆಯ ಕಪಾಟಿನ ಬಾಗಿಲಿಗೆ? ಅದೂ ಆಗ್ತೈತ್ರಿ. ಬಾವಿಯೊಳಗೆ ಎಂದರೂ ಆಗ್ತೈತ್ರಿ ಎನ್ನುತ್ತಾರೆ ಎಂದು ಯಜಮಾನರು ಗೊಣಗಿದರು. ಗೋಡೆಗೆ ಅಡ್ಡಪಟ್ಟಿ ಹೊಡೆದು, ಒಂದರ ಅಂಚನ್ನು ಇನ್ನೊಂದರ ಸಂದಿಯಲ್ಲಿ ಕೂರಿಸುತ್ತ ಖಾಜಾಸಾಬರು ಹಲಗೆ ಜೋಡಿಸಿದರು. ಕಟ್ಟಿಗೆಯ ಹೊಟ್ಟು ಮೊಸರಿನ ಗಡಿಗೆಯವರೆಗೂ ಹೋಯಿತು. ಆದರೆ ಮಧ್ಯಾಹ್ನದ ಬಿಸಿಲು ಆ ಗೋಡೆಯ ಮೇಲೆ ಬಿದ್ದಾಗ ಪಡಸಾಲೆ ಜೇನುತುಪ್ಪದ ಬಣ್ಣಕ್ಕೆ ತಿರುಗಿತು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಹೆಪ್ಪು ಕೇಳಲು ಬಂದ ಗಂಗವ್ವ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೋದಳು. ಟೀಚರ ಮನೆಯಲ್ಲಿ ನೆಲ ಗೋಡೆ ಹತ್ತಿದೆ ಎಂದು ಸಂಜೆಯೊಳಗೆ ಖಬರು ಹಬ್ಬಿತು. ಫ್ಯಾನನ್ನು ನೆಲಕ್ಕೆ ಕೂರಿಸಿದ್ದೇವೋ ಎಂದು ನೋಡಲೂ ಒಬ್ಬರು ಬಂದಿದ್ದರು.

ಗದ್ದಲಕ್ಕೆ ಅತ್ತೆಯೂ ಹೊರಗೆ ಬಂದರು. ಹಲಗೆಯ ಮೇಲೆ ಅಂಗೈಯಾಡಿಸಿ, ಬೆನ್ನು ಆನಿಸಿ ನಿಂತರು. "ಬೆಚ್ಚಗೈತಿ," ಎಂದರು. ಬೆನ್ನು ತಾನಾಗಿಯೇ ಕೆಳಗೆ ಜಾರತೊಡಗಿತು, ಕುಳಿತುಕೊಳ್ಳುವ ಹಳೆಯ ರೂಢಿ. ಅರ್ಧಕ್ಕೆ ಕಾಲು ನಡುಗಿತು. ಯಜಮಾನರು ಕುರ್ಚಿ ಹಿಡಿದು ಓಡಿಬಂದರು. ಅತ್ತೆ ಅದನ್ನು ಸರಿಸಿ ಒಳಗೆ ಹೋದರು. ನನ್ನ ಗೋಡೆಯ ಅಂದ ನನಗೇ ಬೇಡವಾಯಿತು.

ನೆಲಕ್ಕೆ ಅವರು ಇಳಿಯಲಾರರು. ಆದರೆ ಗೋಡೆ ಹತ್ತಿದ ನೆಲಕ್ಕೆ ಮೊಣಕಾಲಿನ ಎತ್ತರಕ್ಕೆ ಬಂದು ನಿಲ್ಲುವುದೇನು ಕಷ್ಟ? ನನ್ನ ಚಿತ್ರಗಳಿಗಾಗಿ ಕಪಾಟು ಮಾಡಿಸಲು ಎತ್ತಿಟ್ಟಿದ್ದ ಹಲಗೆಗಳನ್ನೆಲ್ಲ ಖಾಜಾಸಾಬರ ಮುಂದೆ ಹಾಕಿ, ಗೋಡೆಯ ಉದ್ದಕ್ಕೂ ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಅಗಲದ ಕಟ್ಟೆ ಬೇಕೆಂದೆ. ಕೆಳಗೆ ಗಟ್ಟಿ ಚೌಕಟ್ಟು, ಮೇಲೆ ಹಲಗೆ. ಆಗ್ತೈತ್ರಿ ಎಂದರು, ಮಾಡಿಯೂ ಕೊಟ್ಟರು. ಅತ್ತೆ ಬಾಗಿಲಲ್ಲೇ ನಿಂತು, ಇದೂ ಕುರ್ಚಿಯ ಜಾತಿಯೇ ಎಂದರು.

"ಕುರ್ಚಿ ಅಲ್ರಿ ಅತ್ತಿ. ಇದು ನೆಲದ ಹಲಗಿ. ನಿಮಗ ಕೆಳಗ ಬರಾಕ ಆಗೂದಿಲ್ಲಂತ ನೆಲಾನ ಸ್ವಲ್ಪ ಮ್ಯಾಲ ಬಂದೈತಿ."

ಅತ್ತೆ ಕಟ್ಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಲ್ಲೇ ಅಳೆದರು. "ಎಲ್ಲಾರೂ ಕುಂಡ್ರಬಹುದೇನ ಇದರ ಮ್ಯಾಲ?"

"ಎಲ್ಲಾರೂ ಕುಂಡ್ರಬಹುದ್ರಿ."

ಅತ್ತೆ ಬಂದು ಕುಳಿತರು. ಒಂದು ಕಾಲು ಮಡಚಿ, ಇನ್ನೊಂದನ್ನು ಇಳಿಬಿಟ್ಟು, ಬೆನ್ನನ್ನು ಬೆಚ್ಚನೆಯ ಗೋಡೆಗೆ ಕೊಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡು, "ಗಂಗವ್ವನ್ನ ಕರಿ," ಎಂದರು. ಯಜಮಾನರು ಅವಸರದಿಂದ ಅಡುಗೆಮನೆಗೆ ಹೋಗಿ, ಮೂಗು ಸೀನಿಕೊಂಡು ಬಂದರು.

ಈಗ ಮಧ್ಯಾಹ್ನದ ಸಭೆ ಮೊದಲಿಗಿಂತ ಜೋರಾಗಿದೆ. ಗೋಡೆಯ ಮೇಲೆ ಸಾಲಾಗಿ ಕೊಬ್ಬರಿಎಣ್ಣೆಯ ದುಂಡು ಗುರುತುಗಳು ಮೂಡಿವೆ. ಒದ್ದೆ ಬಟ್ಟೆಯಿಂದ ಒರೆಸುವವಳು ನಾನು. ಲಕ್ಕುಂಡಿಯಿಂದ ಬಂದ ನೆಂಟರು ಇದು ಯಾರ ಐಡಿಯಾ ಎಂದು ಕೇಳಿದರೆ ಅತ್ತೆ ಸಂಕೋಚವಿಲ್ಲದೆ, "ನಂದ. ಅಕಿ ನೆಲಕ್ಕ ಹಾಕತೇನಂದ್ಲು, ನಾ ಬ್ಯಾಡಂದೆ," ಎನ್ನುತ್ತಾರೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲವಾದ್ದರಿಂದ ನಾನು ವಾದಿಸುವಂತಿಲ್ಲ. ಮೊನ್ನೆ ಭಾನುವಾರ ಗಂಗವ್ವನ ಮಗಳು ಕಟ್ಟಿಸುತ್ತಿರುವ ಮನೆಗೆ ಸಲಹೆ ಕೊಡಲು ಅತ್ತೆಗೆ ಕರೆ ಬಂತು. ಆಟೋದಲ್ಲಿ ಜೊತೆಗೆ ಹೋದೆ. ಅವರು ಸಿಮೆಂಟ್ ಚೀಲಗಳ ಮೇಲೆ ಕುಳಿತು ಎಲ್ಲೆಲ್ಲಿ ಹಲಗೆ ಬರಬೇಕೆಂದು ಕೈ ಮಾಡಿ ತೋರಿಸಿದರು, ನಾನು ಟೇಪು ಹಿಡಿದು ಅಳೆದೆ. ಆ ಗೋಡೆಗೆ ಬೆಳಕು ಸಾಲದು, ಎದುರಿನದಕ್ಕೆ ಹಚ್ಚಿದರೆ ಚೆಂದ ಎಂದು ಒಂದೇ ಒಂದು ಮಾತು ಸೇರಿಸಿದ್ದಕ್ಕೆ, ಗಂಗವ್ವನ ಮಗಳು ಯಾರ ಮಾತು ಕೇಳುವುದೆಂದು ತಿಳಿಯದೆ ಅತ್ತೆಯ ಕಡೆ ನೋಡಿದಳು.

"ಮನಸಿಗೆ ಹಚಗೋಬ್ಯಾಡ," ಎಂದರು ಅತ್ತೆ, "ಅಕಿ ಇನ್ನಾ ಕಲ್ಯಾಕತ್ತಾಳ."

ನಾನು ಟೇಪಿನ ತುದಿಯನ್ನು ಗೋಡೆಗೆ ಇನ್ನಷ್ಟು ಗಟ್ಟಿಯಾಗಿ ಒತ್ತಿ ಹಿಡಿದೆ.