ಗೋಡೆಗೊಂದು ಮುಖ

ಚಿಕ್ಕ ಫೋಟೋ ಎಂಟಕ್ಕೆ ಎಂಬತ್ತು, ದೊಡ್ಡದಕ್ಕೆ ಮುನ್ನೂರು, ಚೌಕಟ್ಟು ಬೇಕಾದರೆ ಮೇಲೆ ಇನ್ನೂರು. ಸ್ಟುಡಿಯೋ ಬಾಗಿಲಿನ ದರಪಟ್ಟಿ ಓದಿ ಕ್ಯಾಮೆರಾ ಮಾವನಿಗೆ ನಗು ಬಂತು. ನಲವತ್ತು ವರ್ಷ ಸಿನಿಮಾದಲ್ಲಿ ಕಂಡವರ ಮುಖಕ್ಕೆಲ್ಲ ಬೆಳಕು ಹಚ್ಚಿದವನು, ಈಗ ತನ್ನ ಮುಖಕ್ಕೆ ತಾನೇ ದುಡ್ಡು ಕೊಡಬೇಕು.

ಬೆಳಿಗ್ಗೆ ಸಿನಿಮಾ ಸಂಘದ ಕಾರ್ಯದರ್ಶಿ ಫೋನ್ ಮಾಡಿದ್ದ. "ಸಾರ್, ಸಂಜೆ ನಮ್ಮ ಹಾಲಿನ ಗೋಡೇಲಿ ನಿಮ್ಮ ಫೋಟೋ ಹಾಕ್ತೀವಿ. ಮಧ್ಯಾಹ್ನದೊಳಗೆ ಕಳಿಸಿಬಿಡಿ." ಸಂಘದವರೆಲ್ಲ ಹೊಸಬರು, ಅವನ ಮುಖ ಕಂಡವರು ಯಾರೂ ಇರಲಿಲ್ಲ.

ಮನೆಯೆಲ್ಲ ಜಾಲಾಡಿದ. ನಾಯಕಿಯರು ಸಿಕ್ಕರು, ಖಳನಾಯಕರು ಸಿಕ್ಕರು, ಒಂದು ಕುದುರೆಯೂ ಸಿಕ್ಕಿತು. ಅವನಿದ್ದದ್ದು ಒಂದೇ ಫೋಟೋದಲ್ಲಿ: ತೀರಿಹೋದ ಹೆಂಡತಿ ನಗುತ್ತಿದ್ದಾಳೆ, ಅವಳ ಕಾಲಬುಡದಲ್ಲಿ ಅವನ ನೆರಳು. "ನೀವೂ ಬನ್ರೀ" ಎಂದು ಅವಳು ಕರೆದಾಗಲೆಲ್ಲ "ಇರು, ಬೆಳಕು ನೋಡ್ತೀನಿ" ಅನ್ನುತ್ತಲೇ ಕಾಲ ಕಳೆದಿದ್ದ. ಈಗ ಕರೆಯುವವರೇ ಇಲ್ಲ. ಗೋಡೆಯ ಮೇಲಾದರೂ ನಾಲ್ಕು ಜನರ ನಡುವೆ ಇರಬಹುದಲ್ಲ ಎಂದು ಆಸೆಯಾಯಿತು.

ಎದುರುಮನೆ ದರ್ಜಿ ಸುದ್ದಿ ಕೇಳಿ ಕೋಟು ತಂದ. "ಕೋಟಿಲ್ದೆ ಎಂಥಾ ಫೋಟೋ ಮಾವ? ನಡೀರಿ, ನಾನೂ ಬರ್ತೀನಿ." ಸುಕ್ಕಾಗಬಾರದೆಂದು ದಾರಿಯುದ್ದಕ್ಕೂ ತಾನೇ ತೊಟ್ಟುಕೊಂಡ.

ಸ್ಟುಡಿಯೋದವನು ದೀಪವನ್ನು ನೇರ ಮುಖಕ್ಕೆ ಹಿಡಿದ.

"ಇದೇನಪ್ಪಾ, ಕಳ್ಳನ ವಿಚಾರಣೇನಾ?" ಎಂದು ಮಾವ ಎದ್ದೇಬಿಟ್ಟ. ಮೊದಲು ನಟನ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿ ಬೆಳಕು ಹೊಂದಿಸುವುದು ಅವನ ಕಸುಬಿನ ರೂಢಿ. ಕೋಟು ಸಮೇತ ದರ್ಜಿಯನ್ನು ಕೂರಿಸಿದ. ದೀಪ ಎಳೆದ, ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದ, ಬೆಳಕು ಮುಖಕ್ಕೆ ತಿರುಗಲೆಂದು ಮಂಡಿಯೂರಿ ಬಿಳಿ ರಟ್ಟು ಹಿಡಿದ.

"ಗದ್ದ ಎತ್ತು. ಏನೋ ಕಳಕೊಂಡವರ ಹಾಗೆ ನೋಡು."

"ಏನು ಕಳಕೊಳ್ಳಲಿ ಮಾವ?"

"ಸೂಜಿ."

ದರ್ಜಿಯ ಮುಖ ಮಹಾಪುರುಷನದಾಯಿತು. "ಹಾ! ಒತ್ತು!" ಎಂದು ಮಾವ ಸ್ಟುಡಿಯೋದವನಿಗೆ ಕೂಗಿದ.

ತನ್ನ ಸರದಿ ಬಂದಾಗ, ಕೋಟನ್ನು ದರ್ಜಿಯ ಮೈಮೇಲೇ ಮರೆತು ಕೂತ ಮಾವನಿಗೆ ಸ್ಟೂಲಿನಲ್ಲಿ ಮುಳ್ಳಿದ್ದ ಹಾಗಾಯಿತು. ಒತ್ತುವ ಹೊತ್ತಿಗೆ ಸರಿಯಾಗಿ "ತಡಿ, ಆ ದೀಪ ಒಂದು ಬೆರಳು ಈಚೆ" ಎಂದು ಏಳುತ್ತಿದ್ದ. ಹೀಗೆ ಹನ್ನೆರಡು ಸಲ. ಕೊನೆಗೆ, ಇಷ್ಟರಲ್ಲಿ ಒಂದಾದರೂ ಬಂದಿರುತ್ತದೆ ಎಂದುಕೊಂಡು, "ಒಳ್ಳೇದು ನೋಡಿ ನೀನೇ ಸಂಘಕ್ಕೆ ಮುಟ್ಟಿಸಪ್ಪಾ" ಎಂದು ಐನೂರು ಕೊಟ್ಟು ಬಂದ.

ಸಂಜೆ ಬಸ್ಸು ತಡವಾಯಿತು. ಹಾಲಿಗೆ ಕಾಲಿಡುವಷ್ಟರಲ್ಲಿ ಪರದೆ ಸರಿದಿತ್ತು. ಗೋಡೆಯ ಮೇಲೆ, ಅವನ ಹೆಸರಿನ ಮೇಲೆ, ದರ್ಜಿ ಸೂಜಿ ಹುಡುಕುತ್ತಿದ್ದ.

"ಎಂಥಾ ಕಣ್ಣು ನೋಡ್ರಿ!" ಎಂದು ಜನ ಚಪ್ಪಾಳೆ ತಟ್ಟಿದರು. ಮೊದಲೇ ಬಂದಿದ್ದ ದರ್ಜಿ "ಅದು ನಾನಲ್ರೀ, ನಾನಲ್ಲ" ಎಂದು ಬಡಕೊಂಡದ್ದನ್ನು ಎಲ್ಲರೂ ವಿನಯ ಎಂದುಕೊಂಡು ಅವನನ್ನು ವೇದಿಕೆಗೆ ಎಳೆದೊಯ್ದಿದ್ದರು.

ಚೌಕಟ್ಟು ತಂದಿದ್ದ ಸ್ಟುಡಿಯೋದವನ ತೋಳನ್ನು ಮಾವ ಹಿಡಿದ. "ಯಾರ ಫೋಟೋನೋ ಇದು?"

"ದೊಡ್ಡವರದ್ದೇ, ಕೋಟು ಹಾಕ್ಕೊಂಡು ಕೂತಿದ್ರಲ್ಲ. ನೀವು ಅವರ ಲೈಟಿನವರಲ್ವಾ?"

ಅಷ್ಟರಲ್ಲಿ ಕಾರ್ಯದರ್ಶಿ ಅವನ ಕೈಗೆ ಫೋನ್ ಇಟ್ಟ. "ತಾತ, ನಮ್ಮೆಲ್ಲರದ್ದೂ ಒಂದು ಫೋಟೋ ತೆಗೀರಿ."

ವೇದಿಕೆಯಿಂದ ದರ್ಜಿ ಕೂಗಿದ. "ಮಾವ, ನೀವೂ ಬನ್ನಿ!"

ಎಷ್ಟೋ ವರ್ಷದ ಮೇಲೆ ಯಾರೋ ಕರೆದರು. ಮಾವ ಒಂದು ಹೆಜ್ಜೆ ಇಟ್ಟೂ ಇಟ್ಟ. ಆಮೇಲೆ ದರ್ಜಿಯ ಕೆನ್ನೆಯ ಮೇಲಿನ ಕೆಟ್ಟ ನೆರಳು ಕಣ್ಣಿಗೆ ಬಿತ್ತು.

"ಇರು, ಬೆಳಕು ನೋಡ್ತೀನಿ" ಎಂದ.

ಐನೂರು ಹೋಯಿತು. ಒಳ್ಳೇ ಫೋಟೋ ಎರಡು ಬಂದವು. ಎರಡರಲ್ಲೂ ಅವನಿರಲಿಲ್ಲ.