ಮೂರಕ್ಕೊಂದು, ಮೇಲೊಂದು ಕೊಸರು

ಎಲ್ಲಕ್ಕೂ ಕಾರಣ ಒಂದು ಮಿರ್ಚಿ ಭಜಿ. ಅದನ್ನು ಗುಂಡಪ್ಪ ಭಾನುವಾರದ ಮ್ಯಾಚು ಮುಗಿಯಲು ಎರಡು ನಿಮಿಷ ಇರುವಾಗ ತಿಂದ. ಪ್ರೇಕ್ಷಕರ ನಡುವೆ ಕೂತು ತಿಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಗುಂಡಪ್ಪ ತೊಗರಿ ನಾಡು ಬಾಸ್ಕೆಟ್‌ಬಾಲ್ ಲೀಗಿನ ಕಲಬುರಗಿ ಟೈಗರ್ಸ್ ತಂಡದ ಸಂಬಳದ ಆಟಗಾರ, ಮತ್ತು ಅವನು ತಿಂದದ್ದು ತಂಡದ ಬೆಂಚಿನ ಮೇಲೆ ಕೂತು. ಆಡುತ್ತಿದ್ದ ಐವರಲ್ಲಿ ಒಬ್ಬನ ಕಾಲು ಉಳುಕಿತು. ಕೋಚ್ ಕೂಗಿದರು. ಗುಂಡಪ್ಪ ಎಣ್ಣೆಗೈಯಲ್ಲೇ ಅಂಗಳಕ್ಕೆ ಇಳಿದ. ಕೈಗೆ ಬಂದ ಚೆಂಡು ಬಚ್ಚಲಮನೆಯ ಸಾಬೂನಿನಂತೆ ಜಾರಿ ಎದುರಾಳಿಗಳ ಪಾಲಾಯಿತು. ಕಲಬುರಗಿ ಒಂದೇ ಒಂದು ಅಂಕದಿಂದ ಸೋತಿತು.

ಬುಧವಾರ ಬೆಳಿಗ್ಗೆ ಎಂಟಕ್ಕೆ ತಂಡದ ಮ್ಯಾನೇಜರ್ ಆನಂದತೀರ್ಥನ ಫೋನು ಬಡಿದುಕೊಂಡಿತು. ಮಾಲೀಕ ನಬಿಸಾಬರು. ಅವರಿಗೆ ಊರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿ. ಆಟದ ಗಂಧಗಾಳಿ ಅವರಿಗಿಲ್ಲ. ಎದುರಿನ ಅಂಗಡಿಯವನು ಕಬಡ್ಡಿ ತಂಡ ಕೊಂಡನೆಂಬ ಹೊಟ್ಟೆಕಿಚ್ಚಿಗೆ ಇವರು ಬಾಸ್ಕೆಟ್‌ಬಾಲ್ ತಂಡ ಕೊಂಡಿದ್ದರು.

"ಆನಂದರಾವ್, ಆಟಗಾರರ ಅದಲಾಬದಲಿಗಿ ಇವತ್ತೇ ಆಖರಿ ದಿನ. ಸಂಜಿ ಐದಕ್ಕ ಖತಮ್. ಅಷ್ಟರಾಗ ಆ ಬೆಂಚ್ ಸುಧಾರಿಸ್ರಿ. ಇಲ್ಲಂದ್ರ ನಾಳಿಂದ ನೀವು ಮತ್ತ ಖಣದ ಕೌಂಟರಿಗಿ ಬರ್ರಿ."

ಖಣದ ಕೌಂಟರ್ ಏನೆಂದು ಆನಂದತೀರ್ಥನಿಗೆ ಚೆನ್ನಾಗಿ ಗೊತ್ತಿತ್ತು. ಹದಿನಾಲ್ಕು ವರ್ಷ ಅವನು ಅಲ್ಲಿ ನಿಂತು ರವಿಕೆಯ ಬಟ್ಟೆ ಕತ್ತರಿಸಿದ್ದ. ನೂರು ಖಣ ಬಿಚ್ಚಿ ತೋರಿಸುವುದು, 'ಈ ಹಸರ ಬ್ಯಾಡ್ರಿ, ಇದರಕಿಂತ ಒಂಚೂರು ಹಸರ' ಎಂದು ಗಿರಾಕಿ ಹೆಂಗಸರು ಎದ್ದು ಹೋದ ಮೇಲೆ ನೂರನ್ನೂ ಮಡಚುವುದು. ಲೀಗಿನ ಇಂಗ್ಲಿಷ್ ಅರ್ಜಿಗಳನ್ನು ತುಂಬಬಲ್ಲವನು ಅಂಗಡಿಯಲ್ಲಿ ಅವನೊಬ್ಬನೇ ಎಂಬ ಕಾರಣಕ್ಕೆ ನಬಿಸಾಬರು ಅವನನ್ನು ಮ್ಯಾನೇಜರ್ ಮಾಡಿದ್ದರು. ಈಗ ಅವನ ತಲೆಗೆ ಹುಲಿಯ ಚಿತ್ರದ ಟೋಪಿ ಬಂದಿತ್ತು. ಜಗತ್ ಸರ್ಕಲ್ಲಿನಲ್ಲಿ ಜನ 'ನಮಸ್ಕಾರ ಮ್ಯಾನೇಜರ್ ಸಾಬ್' ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅವನು ಏನು ಮಾಡಲೂ ಸಿದ್ಧನಿದ್ದ.

ಅಡುಗೆಮನೆಯಿಂದ ತಾಯಿ ಇಂದೂಬಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹಳೆಯ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರು ಇಡೀ ಓಣಿಯಲ್ಲಿ ಇರಲಿಲ್ಲ.

"ಇದ್ರಾಗ ಹೆದರೂದೇನದನೋ ಆನಂದಾ? ಹರಕ ಭಾಗ ಒಳಗ ಮಡಚಬೇಕು, ಜರೀ ಅಂಚು ಮ್ಯಾಲ ಕಾಣಬೇಕು. ಪಾತ್ರಿಯಾಕಿ ಬಿಚ್ಚಿ ನೋಡ್ಲಿಕ್ಕೆ ಕೈ ಹಾಕಿದ್ಲಂದ್ರ, 'ಚಹಾ ಕುಡೀತಿಯೇನವಾ' ಅಂತ ಕೇಳಬೇಕು. ಅಷ್ಟೇ."

"ಅವ್ವಾ, ಇವು ಸೀರಿ ಅಲ್ಲ, ಮನಷ್ಯಾರು."

"ಎರಡಕ್ಕೂ ಮಡಿಕಿ ಬೀಳ್ತಾವ. ಹೋಗು."

ಆಲೋಚಿಸಲು ಒಂದು ಕಪ್ ಚಹಾ ಬೇಕೆಂದು ಅವನು ಜಗತ್ ಸರ್ಕಲ್ಲಿಗೆ ಹೋದದ್ದೇ ತಪ್ಪಾಯಿತು. ರೋಷನಬಿಯ ಚಹಾದಂಗಡಿಯಲ್ಲಿ ಆಟೋ ಓಡಿಸುವ ಫುರ್ಕಾನ್ ಇದ್ದ. ಅವನು ಜೀವಮಾನದಲ್ಲಿ ಚೆಂಡು ಮುಟ್ಟಿದವನಲ್ಲ, ಆದರೆ ಟೈಗರ್ಸ್ ತಂಡದ ಒಂದು ಮ್ಯಾಚೂ ಬಿಟ್ಟವನಲ್ಲ. ವಿಷಯ ತಿಳಿದದ್ದೇ ಅವನು ಮೇಜಿನ ಮೇಲೆ ಐದು ಚಹಾದ ಕಪ್ಪುಗಳನ್ನು ಸಾಲಾಗಿ ಇಟ್ಟ.

"ನೋಡ್ರಿ ಸಾಬ್, ಈ ಐದು ಆಡೋರು. ಎಲ್ಲಾ ಬರಾಬರ್. ಈ ಬಿಸ್ಕೀಟ್ ಚೂರ್ ಅವಲ್ಲ, ಇವು ನಮ್ಮ ಬೆಂಚು."

ಕ್ಷಣದಲ್ಲಿ ಹದಿನೈದು ಜನ ಸೇರಿದರು. ಗುಂಡಪ್ಪನನ್ನು ಬೀದರಿಗೆ ಕೊಡಿ ಎಂದ ಒಬ್ಬ. ಬೀದರಿನವರಿಗೇನು ತಲೆ ಕೆಟ್ಟಿದೆಯೇ ಎಂದ ಇನ್ನೊಬ್ಬ. ರಾಯಚೂರಿನ ಎತ್ತರದವನನ್ನು ತನ್ನಿ, ಯಾದಗಿರಿಯ ಗಿಡ್ಡನನ್ನು ತನ್ನಿ, ಇಬ್ಬರನ್ನೂ ತನ್ನಿ ಎಂದು ಕೂಗಾಟವಾಯಿತು. ಮಾತಿನ ಭರದಲ್ಲಿ ಯಾರೋ ಒಬ್ಬರು ತಂಡದ ಕ್ಯಾಪ್ಟನ್ನನ್ನೇ ಎತ್ತಿ ಕುಡಿದುಬಿಟ್ಟರು. ರೋಷನಬಿ ಬಂದು ಉಳಿದ ನಾಲ್ವರನ್ನೂ ತೊಳೆಯಲು ಒಯ್ದಳು.

"ನಂದೊಂದ್ ಮಾತು ಕೇಳ್ರಿ ಸಾಬ್," ಎಂದ ಫುರ್ಕಾನ್. "ಕಮಲಾಪುರ ಕಿಂಗ್ಸ್ ಬೆಂಚಿನ್ಯಾಗ ಪ್ರಬುದ್ಧ ಅಂತ ಒಬ್ಬ ಹುಡುಗ ಅದಾನ. ಆರಡಿ ಐದಿಂಚು. ಅವ ಬೆಂಚಿಂದ ಎದ್ದ್ರ ಎದುರಿನೋರು ದೇವರ ಹೆಸರು ತಗೋತಾರ. ಅಲ್ಲಿ ಇಬ್ಬರದು ಕಾಲು ಮುರದದ, ಆಕಿಗಿ ಈಗ ತಂಡ ತುಂಬಲಿಕ್ಕ ತಲಿ ಬೇಕು. ನಮ್ಮ ಮೂರು ಕೊಡ್ರಿ, ಅವನೊಬ್ಬನ್ನ ತರ್ರಿ."

ಆಕೆ ಎಂದರೆ ಕಿಂಗ್ಸ್ ತಂಡದ ಮಾಲಕಿ ಹಣಮಮ್ಮ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಹೈದರಾಬಾದಿನ ತನಕ ಮಾರಿ ಹೆಸರು ಮಾಡಿದವಳು. ಆನಂದತೀರ್ಥ ಅಲ್ಲಿಂದಲೇ ಫೋನು ಮಾಡಿದ.

"ಮೂರಕ್ಕ ಒಂದಾ? ಆಗ್ಲಿ ನೋಡಮ್ರಿ," ಎಂದಳು ಹಣಮಮ್ಮ. "ಆದ್ರ ಮಾಲು ನೋಡ್ದ ನಾ ವ್ಯಾಪಾರ ಮಾಡಂಗಿಲ್ಲ. ಮೂರೂ ಮಂದೀನ ಕರಕೊಂಡು ಬರ್ರಿ."

ಹೀಗೆ ಹನ್ನೊಂದು ಗಂಟೆಗೆ ಫುರ್ಕಾನನ ಆಟೋ ಮೂವರು ಆಜಾನುಬಾಹುಗಳನ್ನೂ ಒಬ್ಬ ಮ್ಯಾನೇಜರನನ್ನೂ ತುಂಬಿಕೊಂಡು ಕಮಲಾಪುರದ ದಾರಿ ಹಿಡಿಯಿತು. ಗುಂಡಪ್ಪನಿಗೆ ಕಮಲಾಪುರದಲ್ಲಿ ಊಟ ಇದೆ ಎಂದಷ್ಟೇ ಹೇಳಲಾಗಿತ್ತು. ಅವನು ಮತ್ತೇನೂ ಕೇಳಲಿಲ್ಲ. ಎರಡನೆಯವನು ಅತುಲ. ಅವನಿಗೆ ಹೊಸದಾಗಿ ನಿಶ್ಚಿತಾರ್ಥವಾಗಿತ್ತು, ಫೋನು ಕಿವಿಯಿಂದ ಇಳಿಯುತ್ತಿರಲಿಲ್ಲ. ಮೂರನೆಯವನು ರಾಘವೇಂದ್ರ. ಅವನು ಕೂತಲ್ಲಿ ನಿದ್ದೆ ಮಾಡುವವನು, ಪೇಟೆ ದಾಟುವುದರೊಳಗೇ ಆನಂದತೀರ್ಥನ ಭುಜಕ್ಕೆ ತಲೆ ಕೊಟ್ಟಿದ್ದ. ಮೂವತ್ತೈದು ಕಿಲೋಮೀಟರ್ ಉದ್ದಕ್ಕೂ ಆರು ಮೊಣಕಾಲುಗಳು ಆಟೋದ ಎರಡೂ ಬದಿಗೆ ಚಾಚಿಕೊಂಡಿದ್ದವು. ಎದುರಿಗೆ ಬಂದ ಬಸ್ಸಿನವರು ಹೆದರಿ ದಾರಿ ಬಿಟ್ಟರು.

ಹಣಮಮ್ಮನ ಬಾಳೆ ಮಂಡಿಯ ಮುಂದೆ ಇಳಿದಾಗ ಮಧ್ಯಾಹ್ನವಾಗಿತ್ತು. ಆಕೆ ಹಣೆಯಗಲ ಕುಂಕುಮವಿಟ್ಟ ಗಟ್ಟಿ ಹೆಂಗಸು. ಬಂದವಳೇ ಅತುಲನ ತೋಳನ್ನು ಬಾಳೆಗೊನೆ ಹಣ್ಣಾಗಿದೆಯೇ ಎಂದು ನೋಡುವವಳಂತೆ ಹೆಬ್ಬೆರಳಿನಿಂದ ಒತ್ತಿದಳು.

"ಇವ ಯಾಕ ಫೋನ್ ಬಿಡವಲ್ಲ?"

ಆನಂದತೀರ್ಥನಿಗೆ ತಾಯಿಯ ಜರಿ ಅಂಚು ನೆನಪಾಯಿತು.

"ಅಕ್ಕಾರ, ಅಂವ ಎದುರು ತಂಡದ ಆಟ ತಿಳಕೊಳ್ಳಾಕತ್ತಾನ್ರಿ. ಹಗಲೂ ರಾತ್ರಿ ಅದೇ ಧ್ಯಾನ. ಮನ್ಯಾಗ ಊಟಕ್ಕ ಕರದ್ರೂ ಏಳಂಗಿಲ್ಲ."

"ಹೂಂ ಬಂಗಾರಾ, ಆಮ್ಯಾಲ?" ಎಂದು ಅತುಲ ಫೋನಿನಲ್ಲಿ ಪಿಸುಗುಟ್ಟಿದ.

"ಅವರವ್ವಗ ಬಂಗಾರ ಅಂತ ಕರೀತಾನ್ರಿ," ಎಂದು ಆನಂದತೀರ್ಥ ಅವಸರದಲ್ಲಿ ಸೇರಿಸಿದ. "ಭಾಳ ಸಂಸ್ಕಾರವಂತ."

ಅಷ್ಟರಲ್ಲಿ ಒಳಗಿನಿಂದ ಆಳೊಬ್ಬ ಕೂಗಿಕೊಂಡ. ಹೈದರಾಬಾದಿಗೆ ಕಟ್ಟಿಟ್ಟಿದ್ದ ಬುಟ್ಟಿಯನ್ನು ಬಿಚ್ಚಿ ಗುಂಡಪ್ಪ ಹನ್ನೊಂದನೆಯ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದ. ಸಿಪ್ಪೆಗಳನ್ನು ಮಾತ್ರ ಬಹಳ ಅಚ್ಚುಕಟ್ಟಾಗಿ ಜೋಡಿಸಿದ್ದ.

"ಶಕ್ತಿ ನೋಡ್ರಿ ಅಕ್ಕಾರ!" ಎಂದು ಆನಂದತೀರ್ಥ ಹೆಮ್ಮೆಯಿಂದ ಕೈ ತೋರಿಸಿದ. "ಯಾವ ತಂಡದಾಗ ಇಂಥಾ ಜೀರ್ಣಶಕ್ತಿ ಅದ ಹೇಳ್ರಿ? ನಾಕು ಕ್ವಾರ್ಟರ್ ಆಡಿದ್ರೂ ಇವ ದಣಿಯಂಗಿಲ್ಲ."

ಆಡಿಸಿದರಲ್ಲವೇ ದಣಿಯುವ ಮಾತು ಎಂದು ಫುರ್ಕಾನನಿಗೆ ಅನ್ನಿಸಿತಾದರೂ ಅವನು ಆಟೋದ ಕನ್ನಡಿ ಒರೆಸತೊಡಗಿದ.

ಮೂರನೆಯವನನ್ನು ಹುಡುಕಬೇಕಾಯಿತು. ರಾಘವೇಂದ್ರ ಬಾಳೆ ಎಲೆಯ ರಾಶಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಹಣಮಮ್ಮ ಸೊಂಟದ ಮೇಲೆ ಕೈ ಇಟ್ಟು ಆನಂದತೀರ್ಥನ ಮುಖವನ್ನೇ ನೋಡಿದಳು. ಈ ಮಡಿಕೆಯನ್ನು ಇವನು ಹೇಗೆ ಮಡಚುತ್ತಾನೋ ನೋಡೋಣ ಎಂಬಂತಿತ್ತು ಆ ನೋಟ.

"ಮನಸ್ಸಿನ ಶಾಂತಿ, ಅಕ್ಕಾರ," ಎಂದ ಅವನು ದನಿ ತಗ್ಗಿಸಿ. "ಕೊನೀ ನಿಮಿಷದಾಗ ಎಲ್ಲಾರಿಗೂ ಕೈಕಾಲು ನಡಗ್ತಾವ. ಇವಗ ಒಂದೇ ಒಂದು ದಿನ ನಡಗಿಲ್ಲ. ಇಂಥಾವ್ರನ್ನ ಕೊಡಬೇಕಂದ್ರ ನನಗ ಕರುಳು ಚುರ್ ಅಂತದ."

ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅದು ಖಣದ ಕೌಂಟರನ್ನು ನೆನೆದು ಬಂದ ನೀರು. ಹಣಮಮ್ಮನಿಗೆ ಅದು ತಿಳಿಯುವಂತಿರಲಿಲ್ಲ.

ಆಕೆ ಎಲ್ಲರಿಗೂ ಊಟ ಹಾಕಿಸಿ, ಮಂಡಿಯ ಲೆಕ್ಕ ಮುಗಿಸಿ, ನಾಲ್ಕು ಗಂಟೆಯ ತನಕ ಕಾಯಿಸಿದಳು. ಕಡೆಗೆ, "ಆಗ್ಲಿ. ಪ್ರಬುದ್ಧನ್ನ ಒಯ್ರಿ," ಎಂದಳು. "ಆದ್ರ ಕೊಸರು?"

"ಕೊಸರಾ?"

"ಹೌದ್ರಿ. ನಾ ಡಜನ್ ಹಣ್ಣಿಗಿ ಪುಕ್ಕಟ ಒಂದು ಕೊಸರು ಕೊಡ್ತೀನಿ. ಯಾರ ಕಡಿಂದ ಏನು ತಗೊಂಡ್ರೂ ಒಂದು ಕೊಸರು ಇಸ್ಕೋತೀನಿ. ನಮ್ಮಪ್ಪನ ಕಾಲದಿಂದ ಹಿಂಗೇ ನಡದದ. ಕೊಸರಿಲ್ದ ವ್ಯಾಪಾರಕ್ಕ ನಾ ಸಹಿ ಹಾಕಂಗಿಲ್ಲ. ನಿಮ್ಮ ಬೆಂಚಿನ ಮ್ಯಾಲ ಕುಂದ್ರೋರ್ದಾಗ ಇನ್ನೊಬ್ಬರನ್ನ ಕೊಡ್ರಿ. ಯಾರಂತ ನಾ ಆರಸ್ತೀನಿ."

ಆನಂದತೀರ್ಥ ಒಳಗೊಳಗೇ ಕುಣಿದ. ಬೆಂಚಿನಲ್ಲಿ ಉಳಿದ ನಾಲ್ವರೂ ಇವರ ಅಣ್ಣತಮ್ಮಂದಿರಂಥವರೇ. ಯಾರು ಹೋದರೂ ಲಾಭವೇ. ಅವನು ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ಮುತ್ತಿನಂಥ ಅಕ್ಷರದಲ್ಲಿ ಬರೆದ: ಅತುಲ, ಗುಂಡಪ್ಪ, ರಾಘವೇಂದ್ರ, ಮತ್ತು ಕಲಬುರಗಿ ಬೆಂಚಿನಲ್ಲಿ ಕೂರುವವರ ಪೈಕಿ ಹಣಮಮ್ಮನವರು ಆರಿಸಿದ ಇನ್ನೊಬ್ಬರು, ಬದಲಿಗೆ ಪ್ರಬುದ್ಧ. ಓದಿ ಹೇಳಿದ. ನಬಿಸಾಬರು ಫೋನಿನಲ್ಲೇ ಒಪ್ಪಿಗೆ ಕೊಟ್ಟರು. ಆನಂದತೀರ್ಥ, ಹಣಮಮ್ಮ ಇಬ್ಬರೂ ಸಹಿ ಹಾಕಿದರು. ಚಿತ್ರ ತೆಗೆದು ಲೀಗಿನ ಕಚೇರಿಗೆ ಕಳಿಸಿದಾಗ ನಾಲ್ಕು ಐವತ್ತು. ನಾಲ್ಕು ಐವತ್ತೈದಕ್ಕೆ ಉತ್ತರ ಬಂತು: ನೋಂದಣಿಯಾಗಿದೆ, ಇನ್ನು ಬದಲಾವಣೆ ಇಲ್ಲ.

ಆನಂದತೀರ್ಥ ಟೋಪಿಯನ್ನು ಗಾಳಿಗೆ ಎಸೆದು ಹಿಡಿದ. ಪ್ರಬುದ್ಧ ಚೀಲ ಹೆಗಲಿಗೇರಿಸಿ ಬಂದು ಆಟೋದಲ್ಲಿ ಮಡಚಿಕೊಂಡು ಕೂತ. ಎಂಥ ಹುಡುಗ! ಕೂತರೂ ಫುರ್ಕಾನನಿಗಿಂತ ಎತ್ತರ.

"ಬರ್ತೀನ್ರಿ ಅಕ್ಕಾರ. ನಿಮಗ ಯಾರು ಬೇಕಂತ ಫೋನ್ ಮಾಡ್ರಿ, ನಾಳಿ ಮುಂಜಾನಿ ಬಸ್ಸಿಗಿ ಹತ್ತಿಸಿ ಕಳಸ್ತೀನಿ."

"ನಾಳಿ ಯಾಕ್ರಿ?" ಎಂದಳು ಹಣಮಮ್ಮ. "ನಾ ಆರಿಸಿದಾವ ಇಲ್ಲೇ ಹಾನ. ನೀವು."

ಆನಂದತೀರ್ಥ ನಕ್ಕ. ಆಕೆ ನಗಲಿಲ್ಲ. ಲೀಗಿನವರು ಎಲ್ಲ ಮಾಲೀಕರಿಗೂ ಕಳಿಸಿದ್ದ ಕಲಬುರಗಿ ತಂಡದ ಪಟ್ಟಿಯನ್ನು ಸೆರಗಿನ ಗಂಟಿನಿಂದ ತೆಗೆದು ಬಿಡಿಸಿದಳು. 'ಬೆಂಚಿನಲ್ಲಿ ಕೂರುವವರು' ಎಂಬಲ್ಲಿ ಮೊಟ್ಟಮೊದಲ ಹೆಸರು ಆನಂದತೀರ್ಥ, ಮ್ಯಾನೇಜರ್. ವರ್ಷದ ಆರಂಭದಲ್ಲಿ ಅವನೇ ತನ್ನ ಹೆಸರನ್ನು ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದಪ್ಪಗೆ ಬರೆದಿದ್ದ.

"ಅಕ್ಕಾರ, ನನಗ ಆಡ್ಲಿಕ್ಕೆ ಬರಂಗಿಲ್ರಿ!"

"ಗೊತ್ತದ. ಈ ಮೂರೂ ಮಂದಿಗಿ ಬರಂಗಿಲ್ಲ ಅಂಬೋದೂ ಗೊತ್ತದ," ಎಂದಳು ಆಕೆ ತಣ್ಣಗೆ. "ಮೂವತ್ತು ವರ್ಷ ಹಣ್ಣಿನ ವ್ಯಾಪಾರ ಮಾಡೀನ್ರಿ ಸಾಹೇಬ್ರ, ಕೊಳತದ್ದು ಯಾವ್ದು ಅಂತ ತಿಳಿಯಂಗಿಲ್ಲೇನು? ಆದ್ರ ಗೊರಕಿ ಹೊಡಿಯಾವನ್ನ ತೋರಿಸಿ ಕಣ್ಣಾಗ ನೀರು ತಂದು ಮಾರೋ ಮನಷ್ಯಾನ್ನ ನಾ ಇವತ್ತೇ ನೋಡಿದ್ದು. ಮ್ಯಾಚಿನ ದಿನ ತಂಡ ನೋಡ್ಕೋರಿ. ಉಳಿದ ದಿನ ನನ್ನ ಅಂಗಡಿ ಕೌಂಟರಿನ್ಯಾಗ ನಿಂದರ್ರಿ. ಹೈದರಾಬಾದಿನ ಗಿರಾಕಿ ಭಾಳ ಕಾಡ್ತಾರ."

ಕೌಂಟರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ನಬಿಸಾಬರಿಗೆ ಫೋನು ಮಾಡಿದ. ಎಲ್ಲ ಕೇಳಿಸಿಕೊಂಡ ಅವರು ಲೆಕ್ಕಕ್ಕೆ ಇಳಿದರು.

"ಪ್ರಬುದ್ಧ ಬಂದ್ನಲ್ಲ?"

"ಬಂದಾನ್ರಿ."

"ಆ ಮೂರೂ ಮಂದಿ ಹೋದ್ರಲ್ಲ?"

"ಹೋದ್ರು ಸಾಹೇಬ್ರ, ಆದ್ರ ನಾನೂ..."

"ಶಾಬಾಸ್! ಹೇಳಿದ ಕೆಲಸ ಬರಾಬರ್ ಮಾಡೀರಿ, ಆನಂದರಾವ್. ಲೀಗಿನೋರು ಬದಲಾವಣೆ ಇಲ್ಲಂದ್ರ ನಾನರ ಏನ್ ಮಾಡ್ಲಿ? ಅಲ್ಲಿ ಫುರ್ಕಾನ್ ಅದಾನೇನು? ಅವನ ಕೈಯಾಗ ಫೋನ್ ಕೊಡ್ರಿ. ಈ ಪ್ರಬುದ್ಧನ್ನ ತರೋ ಐಡಿಯಾ ಅವಂದೇ ಅಂತ ಜಗತ್ ಸರ್ಕಲ್ ತುಂಬ ಮಾತಾಡಾಕತ್ತಾರ."

ಫುರ್ಕಾನ್ ಫೋನು ಕಿವಿಗಿಟ್ಟು 'ಹೌದ್ರಿ, ಹೌದ್ರಿ, ಆಗ್ಲಿ ಸಾಬ್' ಎಂದ. ಫೋನು ವಾಪಸು ಕೊಡುವಾಗ ಅವನು ತಲೆ ತಗ್ಗಿಸಿ, ಬಹಳ ಸಂಕೋಚದಿಂದ, ಆನಂದತೀರ್ಥನ ತಲೆಯ ಕಡೆಗೆ ಕೈ ಚಾಚಿದ.

"ಮಾಫ್ ಮಾಡ್ರಿ ಸಾಬ್. ಟೋಪಿ ಕಲಬುರಗಿ ಮ್ಯಾನೇಜರ್ದಂತ್ರಿ."

ಹುಲಿಯ ಟೋಪಿ ಹೊತ್ತ ಫುರ್ಕಾನನ ಆಟೋ ಪ್ರಬುದ್ಧನ ಮೊಣಕಾಲುಗಳೊಂದಿಗೆ ಕಲಬುರಗಿಯ ತಿರುವಿನಲ್ಲಿ ಮರೆಯಾಯಿತು. ಮಂಡಿಯ ಗೋಡೆಗೆ ತಾಗಿದ ಕಟ್ಟಿಗೆಯ ಬೆಂಚಿನ ಮೇಲೆ ಅತುಲ ಫೋನಿನಲ್ಲಿದ್ದ, ರಾಘವೇಂದ್ರ ಕೂತೇ ಮಲಗಿದ್ದ. ಗುಂಡಪ್ಪ ಮಾತ್ರ ತನ್ನ ಹೊಸ ಮ್ಯಾನೇಜರನನ್ನು ಕಂಡು ಸಂತೋಷದಿಂದ ಅರಳಿ, ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಬರ್ರಿ ಸರ್, ಕುಂದರ್ರಿ. ಭಾನುವಾರ ನಮ್ಮ ಮ್ಯಾಚು ಯಾರ ಜೋಡಿರಿ?"

"ಕಲಬುರಗಿ ಜೋಡಿ," ಎಂದು ಹೇಳಿ ಆನಂದತೀರ್ಥ ಕೂತ.